ಓದುಗರ ಪ್ರಶ್ನೆ: ಕಂಪ್ಯೂಟರಿನೊಳಗೆ ಅಕ್ಷರವೂ ಅಂಕಿಯೂ

ಕಂಪ್ಯೂಟರು ಮಾಹಿತಿಯನ್ನು ಹೇಗೆ ಇಟ್ಟುಕೊಳ್ಳುತ್ತದೆ, ಹೇಗೆ ಸಂಸ್ಕರಿಸುತ್ತದೆ ಎಂದು ಕೇಳಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಕನ್ನಡ ಬರಹಕ್ಕೆ ಸಂಬಂಧಿಸಿದವು; ಕೆಲವು ಲೆಕ್ಕಕ್ಕೆ ಸಂಬಂಧಿಸಿದವು. ಅವುಗಳಲ್ಲಿ ಆರನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಪತ್ರಗಳನ್ನು ಸ್ಥಳದ ಮಿತಿಯಿಂದ ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮೂರಿನ ಕೆರೆ, ದೇವಸ್ಥಾನ ಮತ್ತು ಶಾಸನಗಳ ಕುರಿತು ಒಂದು ಪುಸ್ತಕ ಬರೆದು, ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಅಚ್ಚು ಹಾಕಿಸಿದ್ದೆ. ಆ ಕಡತವಿರುವ ಸಿಡಿ ಈಗ ಕೈಗೆ ಸಿಕ್ಕಿದೆ. ಮೊಮ್ಮಗ ಅದರಿಂದ ಒಂದು ಪುಟವನ್ನು ನಕಲಿಸಿ ಮೊಬೈಲಿಗೆ ಕಳುಹಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಓರೆಗೀಟಿರುವ ‘ಎ’ ಎಲ್ಲವೂ ಕಲಸಿಕೊಂಡು ಬರುತ್ತಿವೆ. ಕಡತ ಕೆಟ್ಟುಹೋಗಿದೆಯೇ? ಮತ್ತೊಮ್ಮೆ ಟೈಪ್ ಮಾಡಿಸಬೇಕೇ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, ನಿಮ್ಮ ಕಡತದ ಒಂದಕ್ಷರವೂ ಹಾಳಾಗಿಲ್ಲ, ಮತ್ತೆ ಟೈಪ್ ಮಾಡಿಸುವ ಖರ್ಚೂ ಬೇಡ. ಆ ಕಡತವನ್ನು ಹೇಗೆ ಓದಬೇಕೆಂದು ಮೊದಲು ಇದ್ದ ಒಪ್ಪಂದವು ಮೊಬೈಲಿಗೆ ಹೋಗುವ ದಾರಿಯಲ್ಲಿ ಕಳಚಿಕೊಂಡಿದೆ, ಅಷ್ಟೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ಏಕೆಂದರೆ ಮುಂದಿನ ಹಲವು ಪ್ರಶ್ನೆಗಳಿಗೂ ಇದೇ ತಳಪಾಯ.

ಕಂಪ್ಯೂಟರಿನ ಮೆಮೊರಿಯಲ್ಲಾಗಲಿ, ಡಿಸ್ಕಿನಲ್ಲಾಗಲಿ ಅಕ್ಷರ ಎಂಬುದೇ ಇರುವುದಿಲ್ಲ. ಅಲ್ಲಿರುವುದು ವಿದ್ಯುತ್ತಿನ ಅಥವಾ ಕಾಂತತೆಯ ಎರಡು ಸ್ಥಿತಿಗಳು; ಒಂದನ್ನು 0 ಎಂದೂ ಇನ್ನೊಂದನ್ನು 1 ಎಂದೂ ಕರೆಯುತ್ತೇವೆ. ಇಂಥ ಒಂದು ಸ್ಥಾನಕ್ಕೆ ಬಿಟ್ ಎಂದು ಹೆಸರು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಎಂಟು ಸ್ಥಾನಗಳಲ್ಲಿ 0 ಮತ್ತು 1ನ್ನು 256 ಬಗೆಯಾಗಿ ಜೋಡಿಸಬಹುದಾದ್ದರಿಂದ ಒಂದು ಬೈಟಿನಲ್ಲಿ 0ರಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆಯನ್ನು ಇಡಬಹುದು. ಆ ಸಂಖ್ಯೆ ಅಕ್ಷರವನ್ನು ಸೂಚಿಸುತ್ತದೆಯೋ, ಚಿತ್ರದ ಒಂದು ಚುಕ್ಕೆಯ ಬಣ್ಣವನ್ನೋ, ಹಾಡಿನ ಒಂದು ಕ್ಷಣದ ದನಿಯ ಮಟ್ಟವನ್ನೋ ಎಂಬುದು ಆ ಸಂಖ್ಯೆಯ ಮೇಲೆ ಬರೆದಿರುವುದಿಲ್ಲ. ಬಸ್ಸಿನ ಹಣೆಯ ಮೇಲೆ ಕಂಡ 12 ಮಾರ್ಗದ ಸಂಖ್ಯೆ, ಬಾಗಿಲ ಮೇಲೆ ಕಂಡ 12 ಮನೆಯ ಸಂಖ್ಯೆ ಎಂದು ನಾವು ಅದು ಇರುವ ಜಾಗ ನೋಡಿ ತಿಳಿದುಕೊಳ್ಳುತ್ತೇವಲ್ಲ, ತಂತ್ರಾಂಶವೂ ಹಾಗೆಯೇ ಸಂದರ್ಭವನ್ನು ನೋಡಿ ಅರ್ಥ ಹಚ್ಚುತ್ತದೆ.

ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಎಂಬ ಪಟ್ಟಿ 1963ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಏಳು ಬಿಟ್‌ಗಳ ಆ ಪಟ್ಟಿಯಲ್ಲಿ 128 ಸ್ಥಾನಗಳಿದ್ದವು. ಇಂಗ್ಲಿಷಿಗೆ ಅದು ಧಾರಾಳವಾಗಿ ಸಾಕಿತ್ತು. ಎಂಟನೆಯ ಬಿಟ್ಟನ್ನೂ ಬಳಸಿ ಉಳಿದ 128 ಸ್ಥಾನಗಳಲ್ಲಿ ಯುರೋಪಿನ ಭಾಷೆಗಳ ಗೀಟು, ಚುಕ್ಕೆಗಳಿರುವ ಅಕ್ಷರಗಳನ್ನು ಆಮೇಲೆ ಕೂರಿಸಿದರು. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ನಮ್ಮವರು ಒಂದು ಜಾಣ ಉಪಾಯ ಮಾಡಿದರು. ಸಂಖ್ಯೆಗಳನ್ನು ಹಾಗೆಯೇ ಇಟ್ಟುಕೊಂಡು, ಆ ಸಂಖ್ಯೆಗೆ ತೆರೆಯ ಮೇಲೆ ಯಾವ ಆಕಾರ ಬರೆಯಬೇಕೆಂದು ಹೇಳುವ ಫಾಂಟನ್ನು ಬದಲಿಸಿದರು. ಗುಣಿತ, ಒತ್ತುಗಳೆಲ್ಲ ಸೇರಿ ಕನ್ನಡದಲ್ಲಿ ಆಗುವ ಸಾವಿರಾರು ಆಕಾರಗಳು 256 ಸ್ಥಾನಗಳಲ್ಲಿ ಹಿಡಿಯವಾದ್ದರಿಂದ ಅಕ್ಷರವನ್ನು ತುಂಡುತುಂಡಾಗಿ ಒಡೆದು, ಆ ತುಂಡುಗಳಿಗೆ ಸಂಖ್ಯೆ ಕೊಟ್ಟರು.

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದ ಹೇಗೆ ಕೂತಿರುತ್ತದೆಂದು ನೋಡಿ: 80, 192, 163, 192, 223, 113, 192. ಒಟ್ಟು ಏಳು ಬೈಟುಗಳು. 80 ಎಂದರೆ ತಲೆಕಟ್ಟಿಲ್ಲದ ಕ, 192 ಎಂದರೆ ತಲೆಕಟ್ಟು, 163 ಎಂದರೆ ತಲೆಕಟ್ಟಿಲ್ಲದ ನ, ಮತ್ತೆ ತಲೆಕಟ್ಟು, 223 ಎಂದರೆ ನ ಒತ್ತು, 113 ಎಂದರೆ ಡ ಅಕ್ಷರದ ಮೈ, ಕೊನೆಗೆ ಇನ್ನೊಂದು ತಲೆಕಟ್ಟು. ಇದೇ ಏಳು ಸಂಖ್ಯೆಗಳನ್ನು ನುಡಿ ಫಾಂಟ್ ಇಲ್ಲದ ಮೊಬೈಲು ಯುರೋಪಿನ ಪಟ್ಟಿಯಂತೆ ಓದಿದಾಗ 80 ‘ಪಿ’ ಆಗುತ್ತದೆ, 192 ಓರೆಗೀಟಿನ ‘ಎ’ ಆಗುತ್ತದೆ, 163 ಪೌಂಡ್ ಚಿಹ್ನೆಯಾಗುತ್ತದೆ, 223 ಜರ್ಮನ್ ಭಾಷೆಯ ಒಂದು ‘ಎಸ್’ ಆಗುತ್ತದೆ. ನಿಮ್ಮ ಮೊಮ್ಮಗನ ತೆರೆಯ ಮೇಲೆ ಕಂಡದ್ದು ಇದೇ. ವರ್ಡ್ ಕಡತದಲ್ಲಿ ಪಠ್ಯದ ಜೊತೆಗೆ ಫಾಂಟಿನ ಹೆಸರೂ ದಾಖಲಾಗಿರುತ್ತದೆ. ಪಠ್ಯವನ್ನಷ್ಟೇ ನಕಲಿಸಿ ಸಂದೇಶವಾಗಿ ಕಳುಹಿಸಿದಾಗ ಆ ಹೆಸರು ಹಿಂದೆಯೇ ಉಳಿದುಬಿಡುತ್ತದೆ.

ಈ ಏರ್ಪಾಡು ಅಚ್ಚಿಗೆ ಚೆನ್ನಾಗಿತ್ತು, ಮಾಹಿತಿಗೆ ಚೆನ್ನಾಗಿರಲಿಲ್ಲ. ಅದರಲ್ಲಿ ‘ಮ’ ಅಕ್ಷರಕ್ಕೆ ಸ್ವಂತ ಸಂಖ್ಯೆಯೇ ಇಲ್ಲ; ‘ವ’ ಅಕ್ಷರದ ಮೈ, ತಲೆಕಟ್ಟು, ಕೊನೆಗೊಂದು ಕೊಂಬು ಸೇರಿಸಿ ‘ಮ’ ಎಂದು ಕಾಣಿಸುತ್ತಾರೆ. ಕಣ್ಣಿಗೆ ಅದು ಸರಿಯಾದ ‘ಮ’. ಆದರೆ ಆ ತುಂಡುಗಳಲ್ಲಿ ‘ವ’ ಹುಡುಕಲು ಹೇಳಿದರೆ ಕಂಪ್ಯೂಟರು ‘ಮ’ ಇರುವ ಜಾಗಗಳನ್ನೂ ತೋರಿಸುತ್ತದೆ. ‘ಯ’ ಅಕ್ಷರದ ಮೊದಲ ತುಂಡಿಗೂ ಸೊನ್ನೆಗೂ ಒಂದೇ ಸಂಖ್ಯೆ. ಅರ್ಕಾವತ್ತಂತೂ ಕಣ್ಣಿಗೆ ಕಾಣುವ ಸ್ಥಾನದಲ್ಲಿ, ಅಂದರೆ ಅಕ್ಷರದ ಹಿಂದೆ ಕೂತಿರುತ್ತದೆ: ‘ಸೂರ್ಯ’ ಎಂಬಲ್ಲಿ ಮೊದಲು ಸೂ, ಆಮೇಲೆ ಯ, ಕೊನೆಗೆ ಅರ್ಕಾವತ್ತು. ಉಚ್ಚಾರಣೆಯಲ್ಲಿ ಮೊದಲು ಬರುವ ರ್ ಅಲ್ಲಿ ಕೊನೆಯದು.

1991ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿಯಾಗಿ ಹೊರಬಂದ ಯುನಿಕೋಡ್ ಈ ಗೊಂದಲವನ್ನು ಬೇರಿನಲ್ಲೇ ಬಿಡಿಸಿತು. ಜಗತ್ತಿನ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಬೇರಾರಿಗೂ ಕೊಡದ ಒಂದು ಸಂಖ್ಯೆ ಎಂಬುದು ಅದರ ಮೂಲನಿಯಮ. ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ದೊರೆತವು. ಅಲ್ಲಿ ‘ಕನ್ನಡ’ ಎಂದರೆ 3221, 3240, 3277, 3240, 3233. ಅಂದರೆ ಕ, ನ, ವಿರಾಮ (ವ್ಯಂಜನದ ಕೊನೆಯ ‘ಅ’ಕಾರವನ್ನು ತೆಗೆಯುವ ಗುರುತು), ನ, ಡ. ತಲೆಕಟ್ಟಿಗೆ ಸಂಖ್ಯೆಯಿಲ್ಲ, ಒತ್ತಿಗೂ ಸಂಖ್ಯೆಯಿಲ್ಲ. ವಿರಾಮದ ನಂತರ ವ್ಯಂಜನ ಬಂದರೆ ಅದನ್ನು ಒತ್ತಾಗಿ ಬರೆಯುವುದು ಫಾಂಟಿನ ಕೆಲಸ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ಈ ಪದಕ್ಕೆ ನೀವು ಒತ್ತುವುದೂ ಐದೇ ಕೀಲಿಗಳನ್ನು, ಅದೇ ಅನುಕ್ರಮದಲ್ಲಿ: ಕ, ನ, ಒತ್ತು ತರುವ ‘ಎಫ್’ ಕೀಲಿ, ನ, ಡ. ಕೀಲಿಮಣೆಯನ್ನು ಭಾಷೆಯ ತರ್ಕಕ್ಕೆ ತಕ್ಕಂತೆ ರೂಪಿಸಿದವರು ಹಿಡಿದಿದ್ದ ದಾರಿ ಸರಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇನ್ನು ನೀವು ಮಾಡಬೇಕಾದ ಕೆಲಸ. ನುಡಿ ಮತ್ತು ಬರಹ ಎರಡೂ ತಂತ್ರಾಂಶಗಳೊಂದಿಗೆ ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ದೊರೆಯುತ್ತವೆ. ಪರಿವರ್ತಿಸುವ ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ನಿಮ್ಮ ಪುಸ್ತಕದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕವು ಅವನ್ನೂ ಕನ್ನಡದ ತುಂಡುಗಳೆಂದು ಭಾವಿಸಿ ಏನೇನೋ ಮಾಡಿಬಿಡಬಹುದು. ಅವನ್ನು ಕೈಯಿಂದ ತಿದ್ದಬೇಕಾಗುತ್ತದೆ. ಅರ್ಕಾವತ್ತಿರುವ ಪದಗಳನ್ನೂ, ಸೊನ್ನೆಯ ಹಿಂದೆಯೇ ‘ಯ’ ಬರುವ ‘ಸಂಯಮ’ದಂಥ ಪದಗಳನ್ನೂ ಕಣ್ಣಿಟ್ಟು ನೋಡಿ. ಶಾಸನಪಾಠಗಳಲ್ಲಿ ಹಳಗನ್ನಡದ ಱ, ೞ ಬಂದಿದ್ದರೆ ಆ ಪುಟಗಳನ್ನು ಮುದ್ರಿತ ಪುಸ್ತಕದೊಡನೆ ಹೋಲಿಸದೆ ಬಿಡಬೇಡಿ. ಕಡತವು ಪೇಜ್‌ಮೇಕರಿನದಾಗಿದ್ದರೆ ಒಂದು ಹೆಜ್ಜೆ ಹೆಚ್ಚು: 2001ರ ನಂತರ ಹೊಸ ಆವೃತ್ತಿಯನ್ನೇ ಕಾಣದ ಆ ತಂತ್ರಾಂಶಕ್ಕೆ ಯುನಿಕೋಡ್ ಕನ್ನಡ ತಿಳಿಯದು, ಆದ್ದರಿಂದ ಪಠ್ಯವನ್ನು ಮೊದಲು ಹೊರತೆಗೆದು ಆಮೇಲೆ ಪರಿವರ್ತಿಸಬೇಕು.

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಂಘದ ಸದಸ್ಯರಿಗೆ ಸಭೆಯ ತಿಳಿವಳಿಕೆಯನ್ನು ಎಸ್ಎಂಎಸ್ ಮೂಲಕ ಕಳುಹಿಸುತ್ತೇವೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ ಹಿಡಿಯುವ ವಿಷಯವನ್ನು ಕನ್ನಡದಲ್ಲಿ ಬರೆದರೆ ಮೂರು ಸಂದೇಶವೆಂದು ಲೆಕ್ಕ ಹಿಡಿದು ಹಣ ಕೇಳುತ್ತಾರೆ. ಇದು ಕನ್ನಡಕ್ಕೆ ಮಾಡುವ ಅನ್ಯಾಯವಲ್ಲವೇ?
— ಸಂಘದ ಕಾರ್ಯದರ್ಶಿ, ಚನ್ನರಾಯಪಟ್ಟಣ

ಉತ್ತರ: ಅನ್ಯಾಯವೆನ್ನಿಸುವುದು ಸಹಜ. ಆದರೆ ಇಲ್ಲಿ ಯಾರೂ ಕೈಚಳಕ ತೋರಿಸುತ್ತಿಲ್ಲ. ಒಂದು ಎಸ್ಎಂಎಸ್‌ನಲ್ಲಿ ಇರುವ ಜಾಗವೇ 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ ಏಳೇ ಬಿಟ್ ಸಾಕಾದ್ದರಿಂದ ಅದರಲ್ಲಿ 160 ಅಕ್ಷರ ಹಿಡಿಯುತ್ತವೆ. ಕನ್ನಡದ ಸಂಕೇತಗಳಿಗೆ ತಲಾ ಹದಿನಾರು ಬಿಟ್ ಬಳಸುವುದು ರೂಢಿ. ಹಾಗಾಗಿ 70 ಮಾತ್ರ. ಸಂದೇಶ ಅದನ್ನೂ ಮೀರಿ ಎರಡು, ಮೂರು ತುಂಡಾದರೆ, ತುಂಡುಗಳನ್ನು ಮತ್ತೆ ಜೋಡಿಸುವ ಸೂಚನೆಗೆಂದು ಪ್ರತಿ ತುಂಡಿನಲ್ಲೂ ಆರು ಬೈಟ್ ಹೋಗಿ 67 ಉಳಿಯುತ್ತವೆ.

ಈ 70 ಎಂಬುದು ನಾವು ಎಣಿಸುವ ಅಕ್ಷರಗಳ ಲೆಕ್ಕವಲ್ಲ. ‘ವಾರ್ಷಿಕ ಮಹಾಸಭೆ’ ಎಂಬಲ್ಲಿ ಓದುವವರಿಗೆ ಏಳು ಅಕ್ಷರ ಕಾಣುತ್ತವೆ. ಕಂಪ್ಯೂಟರು ‘ವಾರ್ಷಿಕ’ ಪದವನ್ನು ವ, ಇಳಿ, ರ, ವಿರಾಮ, ಷ, ಗುಡಿಸು, ಕ ಎಂದು ಏಳಾಗಿಯೂ, ‘ಮಹಾಸಭೆ’ ಪದವನ್ನು ಆರಾಗಿಯೂ, ನಡುವಿನ ತೆರಪನ್ನು ಒಂದಾಗಿಯೂ ಎಣಿಸಿ ಹದಿನಾಲ್ಕು ಎನ್ನುತ್ತದೆ. ಒತ್ತಕ್ಷರ ಹೆಚ್ಚಿರುವ ಸಂಸ್ಕೃತಪದಗಳ ಬದಲು ಬಳಕೆಯ ಕನ್ನಡ ಪದಗಳನ್ನು ಬಳಸಿದರೆ ಸಂದೇಶವೂ ಚಿಕ್ಕದಾಗುತ್ತದೆ, ಸದಸ್ಯರಿಗೂ ಬೇಗ ತಿಳಿಯುತ್ತದೆ. ‘ಉಪಸ್ಥಿತರಿರಬೇಕಾಗಿ ಪ್ರಾರ್ಥನೆ’ ಎನ್ನುವುದಕ್ಕಿಂತ ‘ತಪ್ಪದೆ ಬನ್ನಿ’ ಎನ್ನಬಹುದು. ಇನ್ನೊಂದು ಎಚ್ಚರಿಕೆ: ಇಡೀ ಸಂದೇಶ ಇಂಗ್ಲಿಷಿನಲ್ಲಿದ್ದು ಕೊನೆಗೆ ‘ಧನ್ಯವಾದ’ ಎಂಬ ಒಂದೇ ಪದ ಕನ್ನಡದಲ್ಲಿದ್ದರೂ ಎಲ್ಲ ಅಕ್ಷರಗಳಿಗೂ ಹದಿನಾರು ಬಿಟ್ಟಿನ ಲೆಕ್ಕವೇ ಬೀಳುತ್ತದೆ.

ಜಾಲತಾಣಗಳಲ್ಲಿ ಬಳಕೆಯಲ್ಲಿರುವುದು ಯುಟಿಎಫ್-8 ಎಂಬ ಬೇರೆ ಕ್ರಮ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಈ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ‘ಕ’ ಎಂದರೆ 224, 178, 149. ಆದ್ದರಿಂದ ‘ಕನ್ನಡ’ ಪದಕ್ಕೆ ಹದಿನೈದು ಬೈಟ್ ಬೇಕು. ಇಂದಿನ ಡಿಸ್ಕುಗಳ ಗಾತ್ರದ ಮುಂದೆ ಇದೊಂದು ಹೊರೆಯೇ ಅಲ್ಲ. 140 ಬೈಟಿನ ಎಸ್ಎಂಎಸ್‌ನಲ್ಲಿ ಮಾತ್ರ ಪ್ರತಿ ಬಿಟ್ಟಿಗೂ ಬೆಲೆ.

ಪ್ರಶ್ನೆ: ಒಂದು ಟೆರಾಬೈಟ್ ಎಂದು ಬರೆದಿದ್ದ ಡಿಸ್ಕ್ ಕೊಂಡೆ. ಕಂಪ್ಯೂಟರಿಗೆ ಹಾಕಿದರೆ 931 ಗಿಗಾಬೈಟ್ ಎಂದು ತೋರಿಸುತ್ತದೆ. ಉಳಿದದ್ದು ಎಲ್ಲಿ ಹೋಯಿತು?
— ವಿದ್ಯಾರ್ಥಿನಿ, ರಾಯಚೂರು

ಉತ್ತರ: ಎಲ್ಲಿಗೂ ಹೋಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ಬೈಟನ್ನು ಟೆರಾಬೈಟ್ ಎನ್ನುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ 107,37,41,824 ಬೈಟುಗಳನ್ನು ಒಂದು ಗಿಗಾಬೈಟ್ ಎನ್ನುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 931 ಬರುತ್ತದೆ. ಅಂಗಡಿಯವರೊಡನೆ ಜಗಳವಾಡಬೇಡಿ.

ಪ್ರಶ್ನೆ: ನಮ್ಮ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಪರಿಚಯದ ಹುಡುಗನೊಬ್ಬ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದಾನೆ. ಎಲ್ಲವೂ ಸರಿಯಾಗಿದೆ, ಆದರೆ ‘ಬಳೆ’ ಎಂದು ಆರಂಭವಾಗುವ ಹೆಸರುಗಳು ‘ಬವಣೆ’, ‘ಬಸವ’, ‘ಬಹಳ’ ಇವೆಲ್ಲಕ್ಕಿಂತ ಮೊದಲೇ ಬಂದು ಕೂರುತ್ತವೆ. ವರ್ಣಮಾಲೆಯಲ್ಲಿ ಳ ಕೊನೆಯದಲ್ಲವೇ?
— ಗ್ರಂಥಪಾಲಕರು, ಧಾರವಾಡ

ಉತ್ತರ: ನಮ್ಮ ವರ್ಣಮಾಲೆಯಲ್ಲಿ ಕೊನೆಯದೇ. ಆದರೆ ಆ ಪ್ರೋಗ್ರಾಮು ವರ್ಣಮಾಲೆಯನ್ನು ನೋಡುತ್ತಿಲ್ಲ, ಸಂಖ್ಯೆಗಳನ್ನು ನೋಡುತ್ತಿದೆ. ಯುನಿಕೋಡಿನಲ್ಲಿ ಲ 3250, ಳ 3251, ವ 3253, ಸ 3256, ಹ 3257. ಎರಡು ಪದಗಳಲ್ಲಿ ಮೊದಲು ಬೇರೆಯಾಗುವ ಸಂಕೇತಗಳನ್ನು ಹೋಲಿಸಿ, ಚಿಕ್ಕ ಸಂಖ್ಯೆಯನ್ನು ಮೊದಲು ಇಡು ಎಂದಷ್ಟೇ ಹೇಳಿದರೆ ‘ಬಳೆ’ ಮುಂದೆ ಬರುವುದು ಅನಿವಾರ್ಯ.

ಳ ಅಕ್ಷರ ಅಲ್ಲಿ ಏಕೆ ಕೂತಿತು ಎಂಬುದಕ್ಕೆ ಒಂದು ಹಿನ್ನೆಲೆಯಿದೆ. ಯುನಿಕೋಡಿಗೂ ಮೊದಲು ಭಾರತದಲ್ಲಿ ಇಸ್ಕಿ ಎಂಬ ಸಂಕೇತಕ್ರಮವೊಂದು ಸಿದ್ಧವಾಗಿತ್ತು. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲಕ್ಕೂ ಒಂದೇ ಚೌಕಟ್ಟು ಎಂಬುದು ಅದರ ಆಶಯ: ದೇವನಾಗರಿಯ ಕ ಯಾವ ಸ್ಥಾನದಲ್ಲಿದೆಯೋ ಕನ್ನಡದ ಕ, ತೆಲುಗಿನ ಕ, ಬಂಗಾಳಿಯ ಕ ಕೂಡ ಅದೇ ಸ್ಥಾನದಲ್ಲಿ. ಯುನಿಕೋಡ್ ರೂಪಿಸಿದವರು 1988ರ ಇಸ್ಕಿಯ ಈ ಚೌಕಟ್ಟನ್ನು ಹಾಗೆಯೇ ಎತ್ತಿಕೊಂಡರು. ಅದರಿಂದ ಒಂದು ಅನುಕೂಲವೂ ಆಯಿತು. ತೆಲುಗಿನ ಕ 3093, ಕನ್ನಡದ ಕ 3221. ವ್ಯತ್ಯಾಸ ಸರಿಯಾಗಿ 128. ತೆಲುಗಿನ ಪಠ್ಯದ ಪ್ರತಿ ಸಂಖ್ಯೆಗೂ 128 ಕೂಡಿಸಿದರೆ ಬಹುಮಟ್ಟಿಗೆ ಅದೇ ಪಠ್ಯ ಕನ್ನಡ ಲಿಪಿಯಲ್ಲಿ ಓದಲು ಸಿಗುತ್ತದೆ. ಆದರೆ ಎಲ್ಲರಿಗೂ ಹೊಂದುವ ಆ ಚೌಕಟ್ಟಿನಲ್ಲಿ ಲ ಅಕ್ಷರದ ಪಕ್ಕದಲ್ಲೇ ಳ ಇದ್ದುದರಿಂದ ನಮ್ಮ ‘ಹ, ಳ’ ಅನುಕ್ರಮ ತಪ್ಪಿತು. ಹಳಗನ್ನಡದ ೞ ಅಕ್ಷರದ ಪಾಡು ಇನ್ನೂ ವಿಚಿತ್ರ: ಮಲಯಾಳಕ್ಕೆ ಸರಿಸಮನಾಗಿ ಅದಕ್ಕೆ ಸಲ್ಲಬೇಕಾಗಿದ್ದ 3252ನೇ ಸ್ಥಾನ ಇಂದಿಗೂ ಖಾಲಿಯಿದೆ, ೞ ಮಾತ್ರ ದೂರದ 3294ರಲ್ಲಿ, ‘ಫ’ ಎಂಬ ತಪ್ಪು ಹೆಸರಿನೊಂದಿಗೆ ಕೂತಿದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನಾಗಲಿ ಹೆಸರನ್ನಾಗಲಿ ಬದಲಿಸುವುದಿಲ್ಲ ಎಂಬುದು ಯುನಿಕೋಡಿನ ಕಟ್ಟುನಿಟ್ಟಿನ ನಿಯಮವಾದ್ದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ನಮೂದಿಸಿ ಸುಮ್ಮನಾಗಿದ್ದಾರೆ. ಈ ಹಟ ಸರಿಯಾದದ್ದೇ. ಸಂಖ್ಯೆಗಳು ಕದಲಿದರೆ ಈವರೆಗೆ ಬರೆದಿಟ್ಟ ಕಡತಗಳೆಲ್ಲ ಮೇಷ್ಟ್ರ ಸಿಡಿಯ ಗತಿಗೇ ಬರುತ್ತವೆ.

ಪರಿಹಾರ ಸುಲಭವಿದೆ. ಅಕ್ಷರದ ಸಂಖ್ಯೆ ಬೇರೆ, ಅಕಾರಾದಿಯಲ್ಲಿ ಅದರ ಸ್ಥಾನ ಬೇರೆ ಎಂದು ಯುನಿಕೋಡ್ ಸಂಸ್ಥೆಯೇ ಒಪ್ಪಿಕೊಂಡು, ಜೋಡಣೆಗೆಂದೇ ಪ್ರತ್ಯೇಕ ವಿಧಾನವನ್ನೂ ಭಾಷೆವಾರು ನಿಯಮಗಳನ್ನೂ ಪ್ರಕಟಿಸಿದೆ. ಅವನ್ನು ಬಳಸಿಕೊಳ್ಳುವ ಐಸಿಯು ಎಂಬ ಉಚಿತ ಸಾಧನವಿದೆ. ಪ್ರೋಗ್ರಾಮಿನಲ್ಲಿ ನೇರ ಹೋಲಿಕೆಯ ಬದಲು ಕನ್ನಡದ ನಿಯಮದಂತೆ ಹೋಲಿಸು ಎಂದು ಬರೆಯುವಂತೆ ಆ ಹುಡುಗನಿಗೆ ತಿಳಿಸಿ. ನಾಲ್ಕಾರು ಸಾಲಿನ ಕೆಲಸ.

ಪ್ರಶ್ನೆ: ಲೆಕ್ಕಪತ್ರಕ್ಕೆಂದು ಬರೆಸಿದ ತಂತ್ರಾಂಶದಲ್ಲಿ ಹತ್ತು ಪೈಸೆಯನ್ನು 0.1 ಎಂದು ನಮೂದಿಸಿ ಹತ್ತು ಬಾರಿ ಕೂಡಿಸಿದರೆ ಒಂದು ರೂಪಾಯಿಗೆ ಸಮನಲ್ಲ ಎಂದು ಹೇಳುತ್ತದೆ. ಕಂಪ್ಯೂಟರಿಗೆ ಕೂಡಿಸಲೂ ಬರುವುದಿಲ್ಲವೇ?
— ಲೆಕ್ಕಿಗರು, ಪುತ್ತೂರು

ಉತ್ತರ: ಕೂಡಿಸಲು ಬರುತ್ತದೆ, 0.1ನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಒಂದನ್ನು ಮೂರರಿಂದ ಭಾಗಿಸಿ ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಹೋಗುತ್ತದಲ್ಲವೇ? ಎರಡರ ಲೆಕ್ಕದಲ್ಲಿ ಹತ್ತನೇ ಒಂದು ಭಾಗದ ಪಾಡೂ ಅದೇ. ಅರ್ಧ, ಕಾಲು, ಅರೆಕಾಲು ಇವೆಲ್ಲ ಎರಡರ ಭಾಗಗಳಾದ್ದರಿಂದ ಕಂಪ್ಯೂಟರಿನಲ್ಲಿ ಕರಾರುವಾಕ್ಕಾಗಿ ಕೂರುತ್ತವೆ. ಹತ್ತನೇ ಒಂದು ಭಾಗ ಕೂರುವುದಿಲ್ಲ. 1985ರ ಐಇಇಇ 754 ಎಂಬ ಮಾನದಂಡದಂತೆ ಇಂದಿನ ಬಹುತೇಕ ಕಂಪ್ಯೂಟರುಗಳು ಇಂಥ ಸಂಖ್ಯೆಯ ಮುಖ್ಯ ಅಂಕಿಗಳಿಗೆ 53 ಬಿಟ್ ಮೀಸಲಿಟ್ಟು, ಅಷ್ಟರಲ್ಲಿ ಹಿಡಿಯುವ ಅತಿ ಹತ್ತಿರದ ಸಂಖ್ಯೆಗೆ ಹೊಂದಿಸುತ್ತವೆ. ಹಾಗಾಗಿ 0.1 ಎಂದು ಕೊಟ್ಟರೆ ಒಳಗೆ ಉಳಿಯುವುದು 0.10000000000000000555 ಎಂದು ಮುಂದುವರಿಯುವ ಸಂಖ್ಯೆ. ಪ್ರತಿ ಸಲ ಕೂಡಿಸಿದಾಗಲೂ ಉತ್ತರವನ್ನು 53 ಬಿಟ್ಟಿಗೆ ಹೊಂದಿಸಬೇಕಾಗುವುದರಿಂದ ಹತ್ತು ಬಾರಿಯ ಕೊನೆಗೆ 0.9999999999999999 ಬರುತ್ತದೆ.

ವ್ಯತ್ಯಾಸ ಕ್ಷುಲ್ಲಕವೆನ್ನಬೇಡಿ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಾಳಿಯ ಸ್ಕಡ್ ಕ್ಷಿಪಣಿಯನ್ನು ತಡೆಯಲಾರದೆ ಹೋಯಿತು. 28 ಸೈನಿಕರು ಸತ್ತರು. ಆ ವ್ಯವಸ್ಥೆಯ ಗಡಿಯಾರ ಕಾಲವನ್ನು ಸೆಕೆಂಡಿನ ಹತ್ತನೇ ಭಾಗಗಳಲ್ಲಿ ಎಣಿಸುತ್ತಿತ್ತು. ಅದನ್ನು ಸೆಕೆಂಡಿಗೆ ಪರಿವರ್ತಿಸುವಾಗ ಬಳಸಿದ 0.1 ಕೇವಲ 24 ಬಿಟ್ಟಿನಲ್ಲಿ ಕತ್ತರಿಸಿದ್ದಾಗಿತ್ತು. ನೂರು ಗಂಟೆ ಎಡೆಬಿಡದೆ ನಡೆದ ಮೇಲೆ ಸೇರಿಕೊಂಡ ತಪ್ಪು ಸೆಕೆಂಡಿನ ಮೂರನೇ ಒಂದು ಭಾಗದಷ್ಟು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತದೆ.

ನಿಮ್ಮ ತಂತ್ರಾಂಶದಲ್ಲಿ ಹಣವನ್ನು ರೂಪಾಯಿಯ ಭಿನ್ನರಾಶಿಯಾಗಿ ಇಡದೆ ಪೈಸೆಯ ಪೂರ್ಣಾಂಕವಾಗಿ ಇಡಲು ಹೇಳಿ: ಒಂದೂವರೆ ರೂಪಾಯಿ ಎಂದರೆ 150. ಪೂರ್ಣಾಂಕಗಳ ಕೂಡುವಿಕೆಯಲ್ಲಿ, ಜಾಗ ಸಾಲುವವರೆಗೆ, ಒಂದು ಪೈಸೆಯೂ ಕಳೆಯುವುದಿಲ್ಲ. ತೆರೆಯ ಮೇಲೆ ತೋರಿಸುವಾಗ ಮಾತ್ರ ನೂರರಿಂದ ಭಾಗಿಸಿದರೆ ಸಾಕು.

ಪ್ರಶ್ನೆ: ಕಚೇರಿಯೊಂದರ ಎರಡು ಪಟ್ಟಿಗಳಲ್ಲಿ ನನ್ನ ತಾಯಿಯ ಹೆಸರು ಒಂದೇ ರೀತಿ ಇದೆ. ಅಕ್ಷರ ಅಕ್ಷರ ಹಿಡಿದು ನೋಡಿದರೂ ವ್ಯತ್ಯಾಸವಿಲ್ಲ. ಆದರೂ ಕಂಪ್ಯೂಟರು ಹೆಸರು ಹೊಂದಾಣಿಕೆಯಾಗುತ್ತಿಲ್ಲ ಎನ್ನುತ್ತದೆ, ಅರ್ಜಿ ಹಿಂದಕ್ಕೆ ಬರುತ್ತದೆ. ಅವರ ಹೆಸರಿನಲ್ಲಿ ‘ಗಂಗಾ’ ಎಂಬ ಪದವಿದೆ.
— ಓದುಗರು, ಹಾಸನ

ಉತ್ತರ: ಪದವನ್ನು ತಿಳಿಸಿ ಉಪಕಾರ ಮಾಡಿದ್ದೀರಿ, ಬಹುಪಾಲು ತೊಡಕು ಅದರ ಸೊನ್ನೆಯಲ್ಲೇ ಇದೆ. ಅನುಸ್ವಾರದ ಸಂಖ್ಯೆ 3202. ಕನ್ನಡ ಅಂಕಿ ಸೊನ್ನೆಯ ಸಂಖ್ಯೆ 3302. ಹೆಚ್ಚಿನ ಫಾಂಟುಗಳಲ್ಲಿ ಎರಡೂ ಒಂದೇ ಬಗೆಯ ದುಂಡು. ಬೆರಳಚ್ಚು ಮಾಡುವವರು ಅವಸರದಲ್ಲಿ ಅನುಸ್ವಾರದ ಬದಲು ಅಂಕಿಯ ಕೀಲಿ ಒತ್ತಿದರೆ ‘ಗಂಗಾ’ ಹೋಗಿ ‘ಗ೦ಗಾ’ ಆಗುತ್ತದೆ. ಇವೆರಡನ್ನೂ ಇಲ್ಲಿಯೇ ಪಕ್ಕಪಕ್ಕದಲ್ಲಿ ಅಚ್ಚು ಮಾಡಿದ್ದೇವೆ. ಮೊದಲನೆಯದರಲ್ಲಿ ಅನುಸ್ವಾರ, ಎರಡನೆಯದರಲ್ಲಿ ಅಂಕಿ. ನಿಮ್ಮ ಕಣ್ಣಿಗೆ ಅವು ಒಂದೇ, ಯಂತ್ರಕ್ಕೆ ನೂರರ ಅಂತರ.

ಇಂಥ ಜೋಡಿಗಳು ಇನ್ನೂ ಇವೆ. ‘ಶ್ರೀ’ ಎಂಬುದರ ದೀರ್ಘವನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಗುಡಿಸು ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಇಡಬಹುದು. ಯುನಿಕೋಡಿನ ಪ್ರಕಾರ ಈ ಎರಡು ರೂಪಗಳೂ ಸಮಾನ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂಬ ನಿಯಮವೂ ಇದೆ. ಅದನ್ನು ಪಾಲಿಸದ ತಂತ್ರಾಂಶಗಳು ಸಾಕಷ್ಟಿವೆ ಎಂಬುದೇ ಬೇಸರದ ಸಂಗತಿ. ಇನ್ನು ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಬೇರೆಬೇರೆಯಾಗಿ ನಿಲ್ಲಲೆಂದು ನಡುವೆ 8204 ಎಂಬ, ಕಣ್ಣಿಗೆ ಕಾಣದ ಸಂಕೇತವೊಂದನ್ನು ಇಡುತ್ತೇವೆ. ಅದನ್ನು ಬಿಟ್ಟರೆ ‘ರಾಜ್ಕುಮಾರ್’ ಎಂದು ಕ ಒತ್ತಾಗಿ ಕೆಳಗಿಳಿಯುತ್ತದೆ. ಒಬ್ಬರೇ ವ್ಯಕ್ತಿಯ ಹೆಸರನ್ನು ಒಂದು ಕಡೆ ಹೀಗೂ ಇನ್ನೊಂದು ಕಡೆ ಹಾಗೂ ಬರೆದಿದ್ದರೆ ನೇರ ಹೋಲಿಕೆಯಲ್ಲಿ ಅದು ಇಬ್ಬರ ಹೆಸರಾಗುತ್ತದೆ. ಅನುಸ್ವಾರ ಮತ್ತು ಅಂಕಿಯ ಗೊಂದಲವನ್ನಂತೂ ಯುನಿಕೋಡಿನ ನಿಯಮವೂ ಸರಿಪಡಿಸಲಾರದು, ಏಕೆಂದರೆ ಅವು ನಿಜವಾಗಿಯೂ ಎರಡು ಬೇರೆ ಅಕ್ಷರಗಳು. ಇದು ನಿಮ್ಮ ತಾಯಿಯ ತಪ್ಪಲ್ಲ, ನಿಮ್ಮದೂ ಅಲ್ಲ. ಮಾಹಿತಿ ತುಂಬುವಾಗಲೇ ತಡೆಯಬೇಕಾಗಿದ್ದದ್ದನ್ನು ಬಿಟ್ಟವರ ಹೊಣೆ.

ಪರೀಕ್ಷಿಸುವ ಬಗೆ ಹೀಗೆ. ಎರಡೂ ಪಟ್ಟಿಗಳಿಂದ ಹೆಸರನ್ನು ನಕಲಿಸಿ ವರ್ಡ್‌ನಲ್ಲಿ ಅಂಟಿಸಿ. ‘ಗಂ’ ಎಂಬುದನ್ನಷ್ಟೇ ಉಳಿಸಿ, ದುಂಡಿನ ಹಿಂದುಗಡೆ ಕರ್ಸರ್ ಇಟ್ಟು ‘ಆಲ್ಟ್’ ಮತ್ತು ‘ಎಕ್ಸ್’ ಕೀಲಿಗಳನ್ನು ಒಟ್ಟಿಗೆ ಒತ್ತಿ. ದುಂಡಿನ ಜಾಗದಲ್ಲಿ ಅದರ ಸಂಕೇತ ಹದಿನಾರರ ಲೆಕ್ಕದಲ್ಲಿ ಕಾಣುತ್ತದೆ: ಕೊನೆಯಲ್ಲಿ 82 ಇದ್ದರೆ ಅನುಸ್ವಾರ, ‘ಇ6’ ಇದ್ದರೆ ಅಂಕಿ. ಎರಡು ಪಟ್ಟಿಗಳಲ್ಲಿ ಬೇರೆಬೇರೆ ಬಂದರೆ ಆ ಪುಟವನ್ನು ಮುದ್ರಿಸಿ ಅರ್ಜಿಯೊಡನೆ ಲಗತ್ತಿಸಿ, ಅಂಕಿಯಿರುವ ಪಟ್ಟಿಯಲ್ಲಿ ಹೆಸರನ್ನು ತಿದ್ದಬೇಕೆಂದು ಲಿಖಿತವಾಗಿ ಕೇಳಿ. ‘ಹೆಸರು ಸರಿಯಾಗಿಯೇ ಇದೆಯಲ್ಲ’ ಎಂದು ಅವರು ತೆರೆ ತೋರಿಸಿದರೆ ಆ ಮುದ್ರಿತ ಪುಟ ನಿಮ್ಮ ನೆರವಿಗೆ ಬರುತ್ತದೆ.

ಇದನ್ನು ಓದುತ್ತಿರುವ ಕಚೇರಿಯ ಬೆರಳಚ್ಚುಗಾರರಿಗೂ ಒಂದು ಮಾತು: ಇಡೀ ಪಟ್ಟಿಯಲ್ಲಿರುವ ಅಂಕಿ ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅನುಸ್ವಾರವಾಗಿ ಬದಲಿಸಬೇಡಿ. ಹಾಗೆ ಮಾಡಿದರೆ ಹೆಸರುಗಳು ಸರಿಹೋಗುತ್ತವೆ, ಆದರೆ ೨೦೧೦ ಎಂಬಂಥ ಇಸವಿಗಳೂ ಮನೆಸಂಖ್ಯೆಗಳೂ ಕೆಡುತ್ತವೆ. ಸೊನ್ನೆಯ ಹಿಂದಿನ ಸಂಕೇತ ವ್ಯಂಜನವೋ ಸ್ವರವೋ ಗುಣಿತದ ಗುರುತೋ ಆಗಿದ್ದಲ್ಲಿ ಮಾತ್ರ ಬದಲಿಸುವಂತೆ ನಿಯಮ ಹಾಕಿ, ಅಂಕಿಯ ಹಿಂದೆ ಬಂದ ಸೊನ್ನೆಯನ್ನು ಇದ್ದಂತೆಯೇ ಬಿಡಿ.